ಸಾಲುಮಾಮನ ಬಿಪಿ ಪಟ್ಟಿ

ಸರ್ಕಾರಿ ಆಸ್ಪತ್ರೆಯ ಗೇಟು ಕಾಯುತ್ತಿದ್ದವನನ್ನು ಎಲ್ಲರೂ ಸಾಲುಮಾಮ ಎನ್ನುತ್ತಿದ್ದರು. ಬೆಳಗ್ಗೆ ಗೇಟು ತೆಗೆದೊಡನೆ ನುಗ್ಗುವ ಜನರನ್ನು ಅವನು ಬರೀ ಗಂಟಲಿನಿಂದಲೇ ಸಾಲಿಗೆ ತರುತ್ತಿದ್ದ. ನಡುವೆ ತೂರುವವರಿಗೆ ಅವನದು ಒಂದೇ ಮಾತು: “ಸ್ವಾಮಿ, ಕಾಯಿಲೆ ನಿಮಗೊಬ್ಬರಿಗೇ ಬಂದಿಲ್ಲ, ಹಿಂದೆ ನಡೀರಿ.”

ಒಳಗೆ ಡಾಕ್ಟರು ಒಬ್ಬರೇ. ಇನ್ನೊಬ್ಬರು ವರ್ಗವಾಗಿ ಹೋದ ಮೇಲೆ ಅವರ ಕುರ್ಚಿಯ ಮೇಲೆ ಹಳೆಯ ಎಕ್ಸ್‌ರೇ ಕವರುಗಳು ಕೂತಿದ್ದವು. ಬರುವವರಲ್ಲಿ ಅರ್ಧಕ್ಕರ್ಧ ಬಿಪಿ, ಸಕ್ಕರೆ ಕಾಯಿಲೆಯವರು. ಅವರಿಗೆ ಹೊಸದಾಗಿ ಹೇಳಿಕೊಳ್ಳಲು ಏನೂ ಇರುತ್ತಿರಲಿಲ್ಲ, ಹಳೆಯ ಮಾತ್ರೆಯನ್ನೇ ಇನ್ನೊಂದು ತಿಂಗಳಿಗೆ ಬರೆಸಿಕೊಂಡರೆ ಸಾಕಿತ್ತು. ಅಷ್ಟಕ್ಕೇ ಅರ್ಧ ದಿನ ನಿಲ್ಲಬೇಕು. ಕಾಲು ಸೋತವರು ಮಾತ್ರೆಯಿಲ್ಲದೆ ವಾಪಸಾಗುತ್ತಿದ್ದರು. ಹಾಗೆ ಹೋದ ಕೆಲವರು ಮುಂದೆ ಸ್ಟ್ರೆಚರಿನ ಮೇಲೆ ಬಂದದ್ದನ್ನು ಸಾಲುಮಾಮ ಕಣ್ಣಾರೆ ಕಂಡಿದ್ದ. ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ತನ್ನ ತೋಳಿಗೆ ಮಾತ್ರ ಒಮ್ಮೆಯೂ ಬಿಪಿ ಪಟ್ಟಿ ಕಟ್ಟಿಸಿಕೊಂಡಿರಲಿಲ್ಲ. ಹಿರಿಯ ನರ್ಸು ಕರೆದಾಗಲೆಲ್ಲ, “ನನಗೇನಾಗಿದೆ ಸಿಸ್ಟರಮ್ಮ, ಗುಂಡುಕಲ್ಲಿನ ಹಾಗಿದೀನಿ” ಎಂದು ಜಾರಿಕೊಳ್ಳುತ್ತಿದ್ದ.

ಒಂದು ಸೋಮವಾರ ಯಾರನ್ನೋ ಗದರಿಸುತ್ತಿದ್ದಾಗ ಅವನ ಮಾತು ತೊದಲಿತು. ತಮಾಷೆ ಮಾಡುತ್ತಿದ್ದಾನೆಂದು ಸಾಲಿನಲ್ಲಿದ್ದವರು ನಕ್ಕರು. ಗೇಟು ಹಿಡಿದಿದ್ದ ಬಲಗೈ ಜಾರಿತು, ಅವನು ಕುಸಿದ. ಬಾಯಿ ಒಂದು ಕಡೆ ವಾಲಿದ್ದನ್ನು ಕಂಡ ನರ್ಸಿಗೆ ಪಾರ್ಶ್ವವಾಯು ಎಂದು ತಿಳಿಯಿತು. ಕೂಡಲೇ ದೊಡ್ಡಾಸ್ಪತ್ರೆಗೆ ಸಾಗಿಸಿದ್ದರಿಂದ ಜೀವ ಉಳಿಯಿತು. ಮಾತು ಮರಳಿತಾದರೂ ಗಂಟಲಿನ ಹಳೆಯ ಜೋರು ಹೋಯಿತು. ಬಲಗೈ ಅರ್ಧ ಮಾತ್ರ ಸ್ವಾಧೀನಕ್ಕೆ ಬಂತು.

ಹೆಂಡತಿ ಮನೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಪ್ರತಿ ತಿಂಗಳೂ ಹೊಲಿಗೆ ಬದಿಗಿಟ್ಟು ಅವನನ್ನು ಅದೇ ಸಾಲಿಗೆ ಕರೆತರುತ್ತಿದ್ದಳು. ಒಮ್ಮೆ ಔಷಧದ ಕಿಟಕಿಯಲ್ಲಿ ಮಾತ್ರೆ ಬಂದಿಲ್ಲ, ಮುಂದಿನ ವಾರ ಬನ್ನಿ ಎಂದರು.

“ಬಿಡು, ಈಗ ಚೆನ್ನಾಗೇ ಇದೀನಲ್ಲ” ಎಂದ ಅವನು.

“ಮಳೆ ನಿಂತಿದೆ ಅಂತ ಸೂರು ಕಿತ್ತುಹಾಕ್ತೀರಾ?” ಎಂದವಳೇ ಆ ವಾರದ ಮಾತ್ರೆಯನ್ನು ಹೊರಗಿನ ಅಂಗಡಿಯಲ್ಲಿ ತಂದಳು.

ಅವನು ಕೆಲಸಕ್ಕೆ ಮರಳುವ ಹೊತ್ತಿಗೆ ಗೇಟಿಗೆ ಸೀಟಿ ಊದುವ ಹೊಸ ಕಾವಲುಗಾರ ಬಂದಿದ್ದ. ಇವನನ್ನು ಎಲ್ಲಿ ಕೂರಿಸುವುದೆಂದು ಯಾರಿಗೂ ತೋಚಲಿಲ್ಲ. ನರ್ಸು ಸಾಲಿನ ಪಕ್ಕ ಮೇಜು ಹಾಕಿಸಿ, ಮೇಲೆ ಬಿಪಿ ಮಿಷನ್ ಇಟ್ಟಳು. “ಪಟ್ಟಿ ಕಟ್ಟಿ, ಗುಂಡಿ ಒತ್ತಿ, ಬಂದದ್ದನ್ನ ಚೀಟಿ ಮೇಲೆ ಬರೀರಿ ಮಾಮ. ಸರಿ ಇದ್ದವರನ್ನ ನನ್ನ ಹತ್ತಿರ ಕಳಿಸಿ, ಮಾತ್ರೆ ಕೊಟ್ಟು ಕಳಿಸ್ತೀನಿ. ಉಳಿದವರು ಡಾಕ್ಟರ ಹತ್ತಿರ ಹೋಗಲಿ.” ಡಾಕ್ಟರು ಮೊದಲು ಹಿಂದೆ ಮುಂದೆ ನೋಡಿದರು, ಬಾಗಿಲಾಚೆಗಿನ ಜನರನ್ನೊಮ್ಮೆ ನೋಡಿ ಒಪ್ಪಿದರು.

“ಗೇಟು ಕಾಯೋನು ಯಾವಾಗ ಡಾಕ್ಟರಾದ?” ಎಂದು ಒಬ್ಬ ಕೇಳಿದ.

“ಡಾಕ್ಟರಾಗಿಲ್ಲಪ್ಪ, ರೋಗಿ ಆಗಿದೀನಿ. ಕೈ ಚಾಚು” ಎಂದ ಸಾಲುಮಾಮ.

ಎಡಗೈಯಲ್ಲಿ ಬರೆದ ಅಂಕಿಗಳು ಕೋಳಿ ಕೆದಕಿದಂತಿದ್ದರೂ ಓದಲು ಬರುತ್ತಿದ್ದವು. ಸಾಲು ಊಟದ ಹೊತ್ತಿಗೇ ಕರಗತೊಡಗಿತು.

ಒಂದು ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ಸಾಲಿನಲ್ಲಿ ಯಾರೂ ಇರಲಿಲ್ಲ.

“ಕೂತ್ಕೋ, ನಿಂದೂ ನೋಡೋಣ.”

“ನನಗ್ಯಾಕ್ರೀ? ಅನ್ನ ಆರಿಹೋಗುತ್ತೆ” ಎನ್ನುತ್ತಲೇ ಅವಳು ಕೈ ಕೊಟ್ಟಳು.

ಬೆಳಗಿನಿಂದ ಅವನು ಅಷ್ಟು ದೊಡ್ಡ ಅಂಕಿ ಬರೆದಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೋಳಿಗೆ ಕಟ್ಟಿದ. ಅಲ್ಲೂ ಅಷ್ಟೇ.

“ನಿಮ್ಮ ಮಿಷನ್ ಕೆಟ್ಟಿರಬೇಕು” ಎಂದಳು ಅವಳು.

ಅವನು ನರ್ಸನ್ನು ಕೈಸನ್ನೆಯಿಂದ ಕರೆದ. ಅಷ್ಟು ತಿಂಗಳು ಅವನ ಚೀಟಿ ಹಿಡಿದು ಹೆಂಡತಿ ಅದೇ ಪಡಸಾಲೆಯಲ್ಲಿ ಕೂತಿದ್ದಳು. ಅವಳ ಕೈ ಚಾಚಿಸಬೇಕೆಂದು ಅವನಿಗಾಗಲಿ ಇನ್ಯಾರಿಗಾಗಲಿ ಹೊಳೆದಿರಲಿಲ್ಲ. ತಾನು ಬಿದ್ದ ದಿನ ಹುಟ್ಟದಿದ್ದ ಹೆದರಿಕೆ ಅವನಿಗೆ ಆಗ ಹುಟ್ಟಿತು.

ಮರುದಿನದಿಂದ ರೋಗಿಯ ಜೊತೆ ಬಂದವರನ್ನೂ ಅವನು ಬಿಡಲಿಲ್ಲ. ಬುಟ್ಟಿ ಹಿಡಿದು ನಿಂತ ಸೊಸೆ, ಅಪ್ಪನನ್ನು ಸೈಕಲ್ಲಿನಲ್ಲಿ ತಂದ ಮಗ, ಎಲ್ಲರನ್ನೂ ಕೂರಿಸಿದ. ಆ ತಿಂಗಳು ಮಾತ್ರೆ ಮತ್ತೆ ಬೇಗ ಖಾಲಿಯಾಯಿತು. “ಹೊಸ ರೋಗಿಗಳನ್ನ ನೀವೇ ಹುಡುಕಿ ಕೊಡ್ತಿದೀರಿ ಮಾಮ” ಎಂದು ನರ್ಸು ಗೊಣಗಿ, ಹೆಚ್ಚಿಗೆ ಕಳಿಸಿ ಎಂದು ಮೇಲಿನವರಿಗೆ ಬರೆದಳು. ಕಳಿಸಿದರು, ತಡವಾಗಿ.

ಮನೆಯಲ್ಲಿ ಅವನು ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟ. ಹೆಂಡತಿ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೆಯ ದಿನ ಸ್ಟೂಲು ಹತ್ತಿ ಇಳಿಸಿಕೊಂಡಳು. ಕೊನೆಗೆ ಅರ್ಧ ಚಮಚಕ್ಕೆ ರಾಜಿಯಾಯಿತು. ಅವಳ ಬಿಪಿ ಸುಲಭಕ್ಕೆ ಇಳಿಯಲಿಲ್ಲ. ಡಾಕ್ಟರು ಮಾತ್ರೆ ಬದಲಿಸಿದರು, ಹೊಲಿಗೆಯ ನಡುನಡುವೆ ಎದ್ದು ಓಡಾಡಲು ಹೇಳಿದರು. ಬೇಸಿಗೆ ರಜೆ ಮುಗಿದು ಸಮವಸ್ತ್ರದ ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ ಬಿಪಿ ಹದಕ್ಕೆ ಬಂದಿತ್ತು.