ಕೆರೆಯಿರುವ ನಕ್ಷೆ, ಕೆರೆಯಿಲ್ಲದ ನಕ್ಷೆ

೨೦೧೧ರ ಸುಮಾರಿಗೆ ನಾನು ಮತ್ತಿಕೆರೆಯಲ್ಲಿ, ಒಂದು ಬೇಕರಿಯ ಮಹಡಿ ಮೇಲಿದ್ದ ಸಣ್ಣ ಆಫೀಸಿನಲ್ಲಿ ವೆಬ್‌ಸೈಟ್ ಮಾಡುತ್ತಿದ್ದೆ. ಕೆಳಗಿನಿಂದ ಬನ್ನಿನ ವಾಸನೆ, ಎದುರಿನಿಂದ ಬಾಸ್‌ನ ಬೈಗುಳ, ಎರಡಕ್ಕೂ ಒಗ್ಗಿಹೋಗಿದ್ದೆ. ಆಗ ಬಂದವರಿಗೆಲ್ಲ ವೆಬ್‌ಸೈಟಿನಲ್ಲಿ ಒಂದು ನಕ್ಷೆ ಬೇಕೇ ಬೇಕಿತ್ತು. ಮೌಸ್ ಹಿಡಿದು ಎಳೆದರೆ ಅದು ಸರಿಯಬೇಕು, ಒತ್ತಿದರೆ ದೊಡ್ಡದಾಗಬೇಕು. ನಕ್ಷೆ ಕೊಡುವ ಕಂಪನಿಗಳೋ ಹಲವು, ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ನಡೆಯುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಒಬ್ಬರು ನಿಯಮ ಬದಲಿಸಿದರೆ ನಮ್ಮ ಕೆಲಸವೆಲ್ಲ ಗೋವಿಂದ. ಹಾಗಾಗಿ ನಡುವೆ ದುಭಾಷಿಯಂತೆ ನಿಲ್ಲುವ ಒಂದು ಸಾಫ್ಟ್‌ವೇರ್ ಬಳಸುತ್ತಿದ್ದೆವು. ಒಂದೇ ಸಲ ಬರೆದರೆ ಸಾಕು. ಕಂಪನಿಯ ಹೆಸರೊಂದನ್ನು ಬದಲಿಸಿದರೆ ಅಡಿಯ ನಕ್ಷೆ ಬದಲಾಗುತ್ತಿತ್ತು, ನಾವಿಟ್ಟ ಗುರುತುಗಳು ಇದ್ದಲ್ಲೇ ಇರುತ್ತಿದ್ದವು.

ರಾಜಾನುಕುಂಟೆಯ ಆಚೆ ಹೊಸ ಬಡಾವಣೆ ಮಾಡುತ್ತಿದ್ದವರ ಕೆಲಸ ನಮಗೆ ಬಂದದ್ದು ನನ್ನ ಅಕ್ಕನಿಂದ. ಅಕ್ಕ, ಭಾವ ಅಲ್ಲೇ ಒಂದು ಸೈಟು ಆರಿಸಿದ್ದರು, ಶುಕ್ರವಾರ ರಿಜಿಸ್ಟ್ರೇಷನ್. ಬಾಡಿಗೆ ಮನೆ ಬದಲಿಸಿ ಬದಲಿಸಿ ಬೇಸತ್ತಿದ್ದ ಭಾವ, ಸಿಕ್ಕ ಕಾಗದದ ಮೇಲೆಲ್ಲ ಮನೆಯ ಪ್ಲಾನ್ ಗೀಚುತ್ತಿದ್ದರು. ದೇವರ ಮನೆ ಎಲ್ಲಿರಬೇಕೆಂದು ನನ್ನನ್ನೂ ಕೇಳಿದ್ದರು. ಅಪ್ಪನೂ ಜೊತೆಗೆ ಹೋಗಿ ಸೈಟು ನೋಡಿ, ಚೆನ್ನಾಗಿದೆ ಎಂದು ಹೇಳಿ ಬಂದಿದ್ದರು.

ಬುಧವಾರ ಮಧ್ಯಾಹ್ನ ಸೈಟುಗಳನ್ನೆಲ್ಲ ಗುರುತು ಮಾಡಿ ಮುಗಿಸಿದೆ. ಒಪ್ಪಿಸುವ ಮುಂಚೆ ಎಲ್ಲ ಕಂಪನಿಯ ನಕ್ಷೆಯ ಮೇಲೂ ಒಮ್ಮೆ ಓಡಿಸಿ ನೋಡುವುದು ನಮ್ಮ ಪದ್ಧತಿ. ಮೊದಲನೆಯದರಲ್ಲಿ ಬಡಾವಣೆ ಬರೀ ಬೂದು ಬಯಲು. ಹೆಸರು ಬದಲಿಸಿದೆ. ಹಳೆಯ ಸರ್ವೆ ನಕ್ಷೆಗಳನ್ನು ನೋಡಿ ಜನರೇ ಸೇರಿ ಬಿಡಿಸುವ ಇನ್ನೊಂದು ನಕ್ಷೆ ಬಂತು, ಗುರುತುಗಳೆಲ್ಲ ನೀಲಿಯ ಮೇಲೆ ನಿಂತಿದ್ದವು. ಇದೇನಪ್ಪ ಹೊಸ ಶನಿ, ಬಣ್ಣ ಕೆಟ್ಟಿತೇನೋ ಅಂದುಕೊಂಡು ಹತ್ತಿರ ಎಳೆದೆ. ಬಣ್ಣ ಕೆಟ್ಟಿರಲಿಲ್ಲ. ಏರಿ ಇತ್ತು, ಕೋಡಿ ಇತ್ತು, ನೀಲಿಯ ನಡುವೆ ಕೆರೆಯ ಹೆಸರೂ ಇತ್ತು. ಅಕ್ಕನ ಸೈಟು ಆ ಹೆಸರಿನ ಪಕ್ಕದಲ್ಲೇ ಇತ್ತು. ಹಿಂದಿನ ನಕ್ಷೆಗೆ ಹೋದೆ, ಕೆರೆ ಇಲ್ಲ. ಮತ್ತೆ ಇದಕ್ಕೆ ಬಂದೆ, ಕೆರೆ ಇದೆ. ಹುಚ್ಚಿಯ ಹಾಗೆ ಅದನ್ನೇ ಎಷ್ಟೋ ಸಲ ಮಾಡಿದೆ.

ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಅಬ್ಬಿಗೆರೆಯ ನಮ್ಮ ಮನೆಗೆ ಓಡಿದೆ. ಅಕ್ಕ ಬಂದಿದ್ದಳು, ಅಡುಗೆಮನೆಯಲ್ಲಿ ಅಮ್ಮನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಭಾವ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟಿನಲ್ಲಿದ್ದರು. ಅಪ್ಪನನ್ನೂ ಕರೆದು, ನೆಲದ ಮೇಲೇ ಲ್ಯಾಪ್‌ಟಾಪ್ ಇಟ್ಟು ಎರಡೂ ನಕ್ಷೆ ತೋರಿಸಿದೆ.

"ಮೋಸ ಅಕ್ಕ ಇದು. ಕೆರೆ ಮೇಲೆ ಸೈಟ್ ಮಾಡಿದಾರೆ. ನಾಳೆ ಮಳೆ ಬಂದ್ರೆ ನೀರು ನುಗ್ಗತ್ತೆ, ಇಲ್ಲಾಂದ್ರೆ ಯಾರಾದ್ರೂ ಬಂದು ಒಡೆದು ಹಾಕ್ತಾರೆ. ಶುಕ್ರವಾರ ಹೋಗ್ಬೇಡಿ," ಎಂದೆ.

ಅಕ್ಕ ಅಪ್ಪನ ಕಡೆ ನೋಡಿದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಅವರ ಮುಖದಲ್ಲಿ ಗಾಬರಿ ಏನೂ ಕಾಣಲಿಲ್ಲ.

"ಕೆರೆನೇ ಕಣಮ್ಮ ಅದು. ನಮ್ಮಜ್ಜಿ ಊರು ಅದೇ ಅಲ್ವಾ. ಚಿಕ್ಕೋನಿದ್ದಾಗ ಅಲ್ಲೇ ಎಮ್ಮೆ ಮೈ ತೊಳೀತಿದ್ದೆ," ಎಂದರು.

ಗೊತ್ತಿದ್ದೂ ಹೂಂ ಅಂದು ಬಂದಿದ್ದರು, ಸ್ವಂತ ಮಗಳಿಗೆ.

"ನಿಂಗೆ ಗೊತ್ತಿತ್ತಾ ಅಪ್ಪ?" ಅಕ್ಕ ಕೇಳಿದಳು.

"ಈಗೆಲ್ಲಿದೆ ನೀರು? ಊರೋರೆಲ್ಲ ಇಂಗೇ ಕಟ್ಕೊಂಡವ್ರೆ," ಎಂದ ಅಪ್ಪ ನನ್ನ ಕಡೆ ತಿರುಗಿದರು. "ಎಲ್ಲಿ, ನಮ್ಮನೆ ತೋರ್ಸು ಅದ್ರಾಗೆ."

ಇಂಟರ್ನೆಟ್ಟಿನ ಡಾಂಗಲ್ ನಿಧಾನ, ನಕ್ಷೆ ತುಂಡು ತುಂಡಾಗಿ ಬರುತ್ತಿತ್ತು. ಎಳೆಯುತ್ತಾ ಎಳೆಯುತ್ತಾ ನಮ್ಮ ಬೀದಿಗೆ ಬಂದೆ. ಊರಾಚೆ ಇದೆ ಎಂದು ನಾನು ತಿಳಿದಿದ್ದ ಕೆರೆಯ ನೀಲಿ ನಮ್ಮ ಬೀದಿಯನ್ನೂ ದಾಟಿತ್ತು. ನಾವು ಕೂತಿದ್ದ ಅಡುಗೆಮನೆ ಅದರೊಳಗೇ ಇತ್ತು. ಇಪ್ಪತ್ತೈದು ವರ್ಷ ಈ ಮನೆಯಲ್ಲಿ ಉಂಡು ಮಲಗಿದವಳು ನಾನು, ಊರವರ ವೆಬ್‌ಸೈಟಿಗೆಲ್ಲ ನಕ್ಷೆ ಹಾಕಿಕೊಟ್ಟವಳು, ಒಂದು ದಿನವೂ ಇಲ್ಲಿಗೆ ಎಳೆದು ನೋಡಿರಲಿಲ್ಲ. ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಮಳೆಗಾಲದಲ್ಲಿ ಈ ನೆಲ ಒಸರೋದು ಯಾಕೆ ಅನ್ಕೊಂಡಿದ್ದೆ ನೀನು ಮತ್ತೆ," ಎಂದಳು ಅಮ್ಮ, ತಲೆ ಎತ್ತದೆ.

"ಮುಳುಗೋದ್ವಾ ನಾವು? ಇಲ್ಲೇ ಇಬ್ರನ್ನೂ ಸಾಕ್ಲಿಲ್ವಾ?" ಎಂದರು ಅಪ್ಪ.

ಅಕ್ಕ ಈಗ ಜಗಳ ತೆಗೆಯುತ್ತಾಳೆ ಎಂದುಕೊಂಡೆ. ಅವಳದು ನನಗಿಂತ ಜೋರು ಬಾಯಿ. ಆದರೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು.

"ಆ ಇನ್ನೊಂದು ಹಾಕೇ," ಎಂದಳು.

ಯಾಕೆಂದು ತಿಳಿಯದೆ ಹೆಸರು ಬದಲಿಸಿ ಮತ್ತೆ ಅವಳ ಸೈಟಿಗೆ ಬಂದೆ. ಕೆರೆ ಮಾಯವಾಯಿತು. ಅಕ್ಕ ಅದನ್ನು ತುಂಬ ಹೊತ್ತು ನೋಡಿದಳು.

"ವೆಬ್‌ಸೈಟಲ್ಲಿ ಇದೇ ಇರ್ಲಿ ಕಣೇ. ಮೊದ್ಲು ತೆಗೆದು ನೋಡೋದೇ ನಿಮ್ಮ ಭಾವ. ಅವ್ರಿಗೆ ಇದೆಲ್ಲಾ ಹೇಳ್ಬೇಡ."

"ಅಕ್ಕ, ಮಕ್ಕಳನ್ನ ಕಟ್ಕೊಂಡು ಅಲ್ಲಿರ್ಬೇಕಾದೋಳು ನೀನು," ಎಂದೆ.

"ನಮ್ಮಿಬ್ರನ್ನ ಕಟ್ಕೊಂಡು ಇಲ್ಲಿ ಅಮ್ಮ ಇರ್ಲಿಲ್ವಾ?" ಎಂದಳು ಅಕ್ಕ.

ಅಮ್ಮ ಬಿಡಿಸಿದ ಅವರೆಕಾಳನ್ನು ಎತ್ತಿಕೊಂಡು ಒಲೆಯ ಕಡೆ ಹೋದಳು.