ತಂಗಿಗೆ ನಾನು ಹೇಳಿಕೊಟ್ಟ ಇಂಗ್ಲಿಷ್

ಎದ್ದು ಒಳಗೆ ಹೋಗಿ, "ಅದನ್ನು ಹೇಳಿಕೊಟ್ಟಿದ್ದು ನಾನು ಮೇಡಂ" ಎನ್ನಬೇಕಿತ್ತು. ಎನ್ನಲಿಲ್ಲ. ಶಾಲೆಯ ವರಾಂಡದ ಬೆಂಚಿನ ಮೇಲೆ ವ್ಯಾನಿಟಿ ಬ್ಯಾಗಿನ ಜಿಪ್ ಎಳೆಯುತ್ತ ಕೂತೇ ಇದ್ದೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿನ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ. ಹೊರಗಿನ ಗಿರಾಕಿ ಬಂದರೆ "ಮೀ ಲೈಕ್ ದಿಸ್ ಕಲರ್, ಮೇಡಂ" ಎಂದು ಸೀರೆ ಹರಡುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು, ಸೀರೆ ಹೋಗುತ್ತಿತ್ತು. ಹಾಗಾಗಿ ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನು. ಆ ಹೆಸರು ನನಗೆ ಹಿತವಾಗಿತ್ತು.

ತಂಗಿ ಪಿಯುಸಿವರೆಗೂ ಕನ್ನಡದಲ್ಲೇ ಓದಿದವಳು. ಶಿವಮೊಗ್ಗದ ಕೋಟೆ ಕಡೆಯ ಒಂದು ಸಣ್ಣ ಶಾಲೆಯವರು ಅವಳನ್ನು ಡೆಮೊ ಕ್ಲಾಸಿಗೆ ಕರೆದರು. ಚೆನ್ನಾಗಿ ಪಾಠ ಮಾಡಿ ತೋರಿಸಿದರೆ ಎಲ್‌ಕೆಜಿಗೆ ಟೀಚರ್. ಹಿಂದಿನ ಸಂಜೆ ಈರುಳ್ಳಿ ಹೆಚ್ಚುತ್ತಿದ್ದ ನನ್ನ ಪಕ್ಕ ಬಂದು ಕೂತಳು.

"ಅಕ್ಕ, ಐ ಎಲ್ಲಿ, ಮೀ ಎಲ್ಲಿ ಹಾಕೋದು? ಶೀ, ಹರ್ ಕೂಡ ಕಲಸಿಹೋಗ್ತವೆ ನಂಗೆ."

ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಅಷ್ಟೇನಾ ಮಾರಾಯ್ತಿ? ಮೊದ್ಲು ಕನ್ನಡದಲ್ಲಿ ಹೇಳ್ಕೋ. 'ನಾನು' ಬಂದ್ರೆ ಐ, 'ನನಗೆ' ಬಂದ್ರೆ ಮೀ. 'ಅವಳಿಗೆ' ಬಂದ್ರೆ ಹರ್."

"ಅವಳಿಗೆ ನೀರು ಬೇಕು. ಹರ್ ವಾಂಟ್ಸ್ ವಾಟರ್?"

"ಕಲ್ತೇಬಿಟ್ಯಲ್ಲ ಟೀಚರಮ್ಮ."

ಅವಳು ನಗುತ್ತ ಎದ್ದುಹೋಗಿ ಕನ್ನಡಿಯ ಮುಂದೆ ಅದನ್ನೇ ಹೇಳಿಕೊಂಡಳು.

ಮರುದಿನ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ತಂಗಿ ಗೊಂಬೆ ಹಿಡಿದು ಮಕ್ಕಳಿಗೆ "ಹರ್ ವಾಂಟ್ಸ್ ವಾಟರ್" ಎಂದು ಹೇಳಿಸುತ್ತಿದ್ದುದು ನನ್ನ ಬೆಂಚಿಗೆ ಕೇಳುತ್ತಿತ್ತು. ಮುಖ್ಯೋಪಾಧ್ಯಾಯಿನಿ ತಡೆದರು.

"ಬೇಕು ಅನ್ನೋಳು ಅವಳೇ ಅಲ್ವೇನಮ್ಮ? ಅಲ್ಲಿ ಶೀ ಬರ್ಬೇಕು. ಅವಳಿಗೆ ನೀರು ಕೊಡು ಅನ್ನುವಾಗ ಹರ್. ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

ತಂಗಿಯ ಕಣ್ಣು ತೆರೆದ ಬಾಗಿಲಾಚೆ ಕೂತಿದ್ದ ನನ್ನ ಕಡೆ ಬಂದು ಹೋಯಿತು. "ನಾನೇ ಓದ್ಕೊಂಡಿದ್ದು ಮೇಡಂ."

ಕೆಲಸ ಸಿಗಲಿಲ್ಲ. ಇಬ್ಬರೂ ಬಸ್ಸು ಹತ್ತಿ ಭದ್ರಾವತಿಗೆ ವಾಪಸಾದೆವು. ಆಮೇಲೆ ಅಂಗಡಿಯಲ್ಲಿ ಮಡಿಸಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಗಿರಾಕಿಯ ಮುಂದೆ ಇಂಗ್ಲಿಷ್ ಬಾಯಿಗೆ ಬಂದರೂ ನುಂಗಿಕೊಳ್ಳುತ್ತಿದ್ದೆ. ಮನೆಯಲ್ಲಿ ಹೇಳಿಬಿಡೋಣವೆಂದು ತಂಗಿಯ ಹತ್ತಿರ ಹೋಗಿ, ಉಪ್ಪಿನ ಡಬ್ಬ ಎಲ್ಲಿ ಎಂದು ಕೇಳಿ ವಾಪಸು ಬರುತ್ತಿದ್ದೆ. ಹೀಗೇ ತಿಂಗಳುಗಳು ಹೋದವು.

ಮೊನ್ನೆ ನಮ್ಮ ಭದ್ರಾವತಿಯದೇ ಒಂದು ಶಾಲೆಯಿಂದ ಫೋನ್ ಬಂತು. "ಇಲ್ಲ ಮೇಡಂ, ನಂಗೆ ಇಂಗ್ಲಿಷ್ ಬರಲ್ಲ" ಎಂದು ತಂಗಿ ಇಟ್ಟುಬಿಟ್ಟಳು.

"ಯಾಕೇ ಹಂಗಂದೆ?" ಅಮ್ಮ ಕೇಳಿದಳು.

"ನನ್ನ ತಲೆಗೆ ಹತ್ತಲ್ಲಮ್ಮ, ಬಿಡು."

ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. ಅಮ್ಮನ ಎದುರೇ ಹೇಳಿದೆ.

"ನಿನ್ನ ತಲೆಗೆ ಹತ್ತಿತ್ತು ಕಣೆ. ನಾನು ಹೇಳ್ಕೊಟ್ಟಿದ್ದೇ ತಪ್ಪು. ಗೊತ್ತಿಲ್ದೇ ಇದ್ರೂ ಗೊತ್ತು ಅಂದೆ. ಅಲ್ಲಿ ನೀನು ಒಬ್ಳೇ ತಲೆ ತಗ್ಗಿಸಿ ನಿಂತಾಗ್ಲೂ ಎದ್ದು ಬರ್ಲಿಲ್ಲ. ಆ ಮೇಡಂಗೆ ತಿರುಗಿ ಫೋನ್ ಮಾಡು. ನನ್ನಿಂದ ತಪ್ಪಾಯ್ತು."