ನಮ್ಮ ಹಸು ಕಂದು ಹಾಕಿದ ವರ್ಷ

ಬೊಮ್ಮಸಂದ್ರದ ಫ್ಯಾಕ್ಟರಿಗಳ ಬೆನ್ನಿಗೇ ನಮ್ಮ ಮನೆ. ಹೊಲವಿದ್ದ ಕಡೆ ಈಗ ಬಾಡಿಗೆ ರೂಮುಗಳಿವೆ, ಶಿಫ್ಟಿಗೆ ಹೋಗುವ ಹುಡುಗರಿದ್ದಾರೆ. ಇಷ್ಟಾದರೂ ಒಂದು ಸೀಮೆಹಸುವನ್ನು ಬಿಡದೆ ಸಾಕಿದವಳು ನನ್ನ ಓರಗಿತ್ತಿ. ಬಾಡಿಗೆ ಬರುತ್ತಲ್ಲ, ಸಗಣಿ ಬಾಚುವ ಕರ್ಮ ಯಾಕೆ ನಿನಗೆ ಎಂದು ನಾನು ಬೈದರೆ, ಮನೆ ಅಂದಮೇಲೆ ಒಂದು ಬಾಲ ಅಲ್ಲಾಡಬೇಕು ಅಕ್ಕ ಎಂದು ನಗುತ್ತಿದ್ದಳು. ಮದುವೆಯಾಗಿ ಎಷ್ಟೋ ವರ್ಷ ಅವಳ ಮಡಿಲು ತುಂಬಿರಲಿಲ್ಲ. ಆ ವರ್ಷ ದೇವರು ಕಣ್ಣು ಬಿಟ್ಟಿದ್ದ. ಹಸುವೂ ಗಬ್ಬ, ಇವಳೂ ಬಸುರಿ. ಯಾರು ಮೊದಲು ನೋಡೇಬಿಡೋಣ ಎಂದು ನಾನೇ ಅವಳನ್ನು ರೇಗಿಸುತ್ತಿದ್ದೆ.

ತಿಂಗಳು ತುಂಬುವ ಮೊದಲೇ ಹಸು ಸತ್ತ ಕರು ಹಾಕಿತು. ನಮ್ಮ ಕಡೆ ಇದಕ್ಕೆ ಕಂದು ಹಾಕುವುದು ಎನ್ನುತ್ತಾರೆ. ನಾನು ಕೊಟ್ಟಿಗೆಗೆ ಬರುವಷ್ಟರಲ್ಲಿ ಈ ಐದು ತಿಂಗಳ ಬಸುರಿ ಬರಿಗೈಯಲ್ಲಿ ಕರುವನ್ನು ಎಳೆದು, ಬೀಳದೆ ಉಳಿದಿದ್ದ ಮಾಸನ್ನೂ ಬಿಡಿಸಿಬಿಟ್ಟಿದ್ದಳು. ಮೊಣಕೈವರೆಗೆ ರಕ್ತ, ಕಣ್ಣ ತುಂಬ ನೀರು. ಏಳೇ, ಕೈ ತೊಳಿ ಎಂದು ಗದರಿದೆ. ಅವಳು ಸತ್ತ ಕರುವಿನ ಮೈ ಒರೆಸುತ್ತ ಕೂತೇ ಇದ್ದಳು.

ಹಸುವಿನ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಕೆರೆ ಏರಿಯ ಆಲದ ಮರಕ್ಕೆ ಕಟ್ಟುವುದು ನಮ್ಮವರ ಪದ್ಧತಿ. ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ಹಸುವಿಗೂ ಹಾಲು ಹೆಚ್ಚುತ್ತದೆ ಎನ್ನುತ್ತಿದ್ದರು ಹಿರಿಯರು. ಹಾಲು ಹೆಚ್ಚುತ್ತಿತ್ತೋ ಇಲ್ಲವೋ, ನಾಯಿಯ ಬಾಯಿಗಂತೂ ಸಿಗುತ್ತಿರಲಿಲ್ಲ. ಈಗ ಮರವೆಲ್ಲಿದೆ? ರಸ್ತೆ ಅಗಲ ಮಾಡಲು ಕಡಿದು ಹಾಕಿದರು. ಕೆರೆಯಂಗಳದ ಗೋಮಾಳ ಲೇಔಟಾಯಿತು. ಉಳಿದ ಮೂಲೆಯಲ್ಲಿ ಊರ ಹಸುಗಳೆಲ್ಲ ಮೈಗೆ ಮೈ ತಾಗಿಸಿಕೊಂಡು ಮೇಯುತ್ತಿದ್ದವು. ಪಕ್ಕದಲ್ಲೇ ಕಸದ ರಾಶಿ, ಅದನ್ನೇ ನಂಬಿದ ನಾಯಿಗಳ ಹಿಂಡು. ನನ್ನ ಮೈದುನ, ಅವಳ ಗಂಡ, ಕರುವನ್ನೂ ಮಾಸನ್ನೂ ಸಿಮೆಂಟ್ ಚೀಲಕ್ಕೆ ತುಂಬಿ ಅಲ್ಲೇ ಎಸೆದು ಬಂದ. ಬೇರೆಲ್ಲಿ ಹಾಕಬೇಕಿತ್ತು ಹೇಳಿ? ಊರಿಗೆಲ್ಲ ರೂಮು ಬಾಡಿಗೆಗೆ ಕೊಡುವ ನಮಗೆ ಒಂದು ಕರು ಹೂಳಲು ಮೊಳ ಮಣ್ಣಿರಲಿಲ್ಲ, ಎಲ್ಲ ಕಾಂಕ್ರೀಟು. ನಾಯಿಗಳು ಚೀಲ ಹರಿದು ಮೇವಿನ ಜಾಗದ ತುಂಬ ಎಳೆದಾಡಿದವು. ಮಳೆಗಾಲ ಮುಗಿಯುವುದರೊಳಗೆ ಅಕ್ಕಪಕ್ಕದ ಮನೆಗಳ ಹಸುಗಳೂ ಕಂದು ಹಾಕಿದವು.

ನಮ್ಮ ಹಸು ಕಂದು ಹಾಕಿದ ವಾರವೇ ದನದ ಡಾಕ್ಟರು ಬಂದು ಅದರ ರಕ್ತ ತೆಗೆದುಕೊಂಡು ಹೋಗಿದ್ದರು. ಹಗ್ಗ ಹಿಡಿದು ನಿಂತಿದ್ದ ಬಸುರಿಯನ್ನು ಒಂದು ಮಾತೂ ಕೇಳಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಅವಳಿಗೆ ಜ್ವರ ಶುರುವಾಯಿತು. ಸಂಜೆಯಾದರೆ ಏರುವುದು, ಬೆಳಿಗ್ಗೆ ಬೆವರಿ ಇಳಿಯುವುದು. ಕೀಲು ಕೀಲೂ ನೋವು. ಕ್ಲಿನಿಕ್ಕಿನಲ್ಲಿ ಒಬ್ಬರು ಟೈಫಾಯ್ಡ್ ಎಂದರು, ಇನ್ನೊಬ್ಬರು ಡೆಂಗಿ ಇರಬಹುದು ಎಂದರು. ಮನೆಯಲ್ಲಿ ಹಸು ಇದೆಯಾ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಹಸುವಿನ ಕಾಯಿಲೆಯನ್ನು ಮನುಷ್ಯರ ಡಾಕ್ಟರಿಗೆ ಯಾರಾದರೂ ಹೇಳುತ್ತಾರೆಯೇ?

ಮಗು ಹೊಟ್ಟೆಯಲ್ಲೇ ಹೋಯಿತು. ಗಂಡು ಮಗು. ದೊಡ್ಡಾಸ್ಪತ್ರೆಯ ಲೇಡಿ ಡಾಕ್ಟರು ಆಗ ಕೇಳಿದರು, ಮನೆಯಲ್ಲಿ ದನಕರು ಇವೆಯೇ ಎಂದು. ಇವಳ ರಕ್ತ ನೋಡಿದಾಗ ಗೊತ್ತಾಯಿತು, ಹಸುವಿಗೆ ಕಂದು ಹಾಕಿಸಿದ ರೋಗವೇ ಕರು ಎಳೆದ ಬರಿಗೈಯಿಂದ ಇವಳಿಗೂ ಬಂದಿತ್ತು. ಹಸುವಿನ ರಿಪೋರ್ಟೂ ಆ ವಾರವೇ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ಎಲ್ಲರೂ ಬಂದರು. ಹೆಣ್ಣುಕರುಗಳಿಗೆಲ್ಲ ಸೂಜಿ ಹಾಕಿದರು, ಕೊಟ್ಟಿಗೆಗೆ ಸುಣ್ಣ ಎರಚಿದರು, ಹಾಲು ಕಾಯಿಸಿಯೇ ಕುಡಿಯಿರಿ ಎಂದು ಮನೆಮನೆಗೆ ಹೇಳಿ ಹೋದರು.

ಅವಳನ್ನು ಮನೆಗೆ ಕಳಿಸುವ ದಿನ ಆ ಡಾಕ್ಟರಮ್ಮ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದರು. ಕೊರೋನಾದಂಥ ಲೋಕವನ್ನೇ ಮಲಗಿಸುವ ಕಾಯಿಲೆಗಳೂ ಹೀಗೆಯೇ ಪ್ರಾಣಿಗಳ ಜಾಗ ಕಿತ್ತುಕೊಂಡ ಕಡೆ ಶುರುವಾಗಬಹುದು, ದನದ ಡಾಕ್ಟರೂ ನಾವೂ ಒಬ್ಬರಿಗೊಬ್ಬರು ಮಾತಾಡಿಕೊಂಡರೆ ಮೊದಲೇ ತಡೆಯಬಹುದು ಎಂದರು. ಲೋಕದ ಮಾತು ಆಗ ನನಗೆ ಬೇಕಿರಲಿಲ್ಲ. ನಮ್ಮ ಮಗು ಉಳಿಯುತ್ತಿತ್ತಾ ಎಂದು ಕೇಳಿದೆ.

"ಜ್ವರ ಶುರುವಾದಾಗಲೇ ಗೊತ್ತಾಗಿದ್ರೆ ಮಾತ್ರೆ ಇತ್ತಮ್ಮ. ಉಳೀಬಹುದಿತ್ತು."

ಮನೆಗೆ ಬಂದಮೇಲೆ ಅವಳು ಕೊಟ್ಟಿಗೆಯ ಕಡೆ ಹೋಗಲಿಲ್ಲ. ಹಿಂದಿನ ಬಾಗಿಲಲ್ಲಿ ಕೂತು, ಬೇರೆಯಾಗಿ ಕಟ್ಟಿದ್ದ ಹಸುವನ್ನು ದೂರದಿಂದಲೇ ನೋಡುತ್ತಿದ್ದಳು. ಅದು ಇವಳ ಕಡೆ ತಿರುಗಿ ಕೂಗುತ್ತಿತ್ತು. ಒಂದು ಮಧ್ಯಾಹ್ನ ಅನ್ನದ ತಟ್ಟೆ ಮುಂದಿಟ್ಟರೆ, ಅದನ್ನು ಸರಿಸಿ ಕೇಳಿದಳು.

"ಅಕ್ಕ, ಅಸೂಗೆ ರಕ್ತ ತಗೊಂಡ ದಿವ್ಸಾನೇ ನಂದೂ ತಗೊಂಡಿದ್ರೆ ಮಗ ಉಳೀತಿತ್ತಾ?"

ನನ್ನದು ಸುಮ್ಮನಿರುವ ಬಾಯಲ್ಲ, ಇಡೀ ಊರಿಗೆ ಗೊತ್ತು. ಯಾರ ಮುಖಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದವಳು ನಾನು.

"ಇಲ್ಲ ಕಣೇ," ಎಂದೆ. "ಏನ್ ಮಾಡಿದ್ರೂ ಉಳೀತಿರ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. ಆಮೇಲೆ ತಟ್ಟೆ ಹತ್ತಿರಕ್ಕೆಳೆದುಕೊಂಡಳು.

"ಅಂಗಾದ್ರೆ ಯಾರ್ ತಪ್ಪೂ ಅಲ್ಲ ಬಿಡಕ್ಕ," ಎಂದಳು.

ನಾನು ಹೂಂ ಎಂದೆ.